ಕಂಪ್ಯೂಟರಿನ ಕಿಟಕಿಯಲ್ಲಿ ಕನ್ನಡಕ್ಕೆ ಎಡೆ

(ರಾಜ್ಯೋತ್ಸವದ ಅಂಗವಾಗಿ ಸಂಘದ ಸಭಾಭವನದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಿಂದ ಸಾಮಾನ್ಯವಾಗಿ ಕೇಳಿಬರುವ ಮಾತುಗಳ ಜಾಡೇ ಬೇರೆ. ಕದಂಬರಿಂದ ಹಿಡಿದು ೧೯೫೬ರ ಏಕೀಕರಣದವರೆಗಿನ ಕಥೆಯನ್ನು ಬಲ್ಲವರು ಹೇಳುತ್ತಾರೆ. ಹೊರನಾಡಿನಲ್ಲಿರುವ ನಾವು ಕೇಳಿ ಹಿಗ್ಗುತ್ತೇವೆ. ಈ ಸಂಜೆ ಕಾರ್ಯದರ್ಶಿಗಳು ನಮಗೆ ಒಪ್ಪಿಸಿರುವ ವಿಷಯ ಅಷ್ಟು ಘನವಾದುದಲ್ಲ. ಕಂಪ್ಯೂಟರಿನ ಪರದೆಯ ಮೇಲೆ ತೆರೆದುಕೊಳ್ಳುವ ಕಿಟಕಿಯಲ್ಲಿ ಗುಂಡಿಗಳೂ ಹೆಸರುಗಳೂ ತಮ್ಮ ತಮ್ಮ ಸ್ಥಾನದಲ್ಲಿ ಕೂಡದೆ ಒಂದರ ಮೇಲೊಂದು ಬಿದ್ದುಕೊಂಡರೆ, ಅಥವಾ ಅವುಗಳೊಳಗಿನ ಅಕ್ಷರ ಅರ್ಧಕ್ಕೆ ಕತ್ತರಿಸಿಹೋದರೆ, ದೋಷವೆಲ್ಲಿದೆಯೆಂದು ಕಂಡುಹಿಡಿಯುವುದು ಹೇಗೆ ಎಂಬುದೇ ಆ ವಿಷಯ. "ಅದು ಪ್ರೋಗ್ರಾಮು ಬರೆಯುವವರ ಮನೆವಾರ್ತೆ, ನಮಗೇಕೆ?" ಎಂದು ಹಿಂದಿನ ಸಾಲಿನಲ್ಲಿ ಯಾರಿಗಾದರೂ ಅನಿಸಿದರೆ ಆಶ್ಚರ್ಯವಿಲ್ಲ. ಆದರೆ ಈ ಪುಣೆಯಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ ಮಗನೋ ಮಗಳೋ ಅಳಿಯನೋ ಸೊಸೆಯೋ ಆ ಕೆಲಸದಲ್ಲಿರುವ ಮನೆಗಳು ಎಷ್ಟಿವೆಯೆಂಬುದು ಎಲ್ಲರಿಗೂ ಗೊತ್ತು. ಹಗಲೆಲ್ಲ ಯಾವಯಾವುದೋ ದೇಶದವರಿಗಾಗಿ ಕಿಟಕಿಗಳನ್ನು ಕಟ್ಟುವ ಈ ಮಕ್ಕಳು, ಕನ್ನಡಕ್ಕೊಂದು ಕಿಟಕಿ ಕಟ್ಟುವ ಸಂದರ್ಭ ಬಂದಾಗ ಎಡವುವುದನ್ನು ನಾವು ಕಂಡಿದ್ದೇವೆ. ಅವರಿಗಾಗಿ ಸ್ವಲ್ಪ ವಿವರವಾಗಿಯೂ ಉಳಿದವರಿಗಾಗಿ ಸ್ವಲ್ಪ ಬಿಡಿಸಿಯೂ ಹೇಳುತ್ತೇವೆ.

ಮೊದಲು ಎರಡು ಹೆಸರುಗಳು. ಕಿಟಕಿಯಲ್ಲಿ ಕಾಣುವ ಒಂದೊಂದು ಅವಯವಕ್ಕೂ, ಎಂದರೆ ಒತ್ತುವ ಗುಂಡಿ, ಹೆಸರು ತಿಳಿಸುವ ಹಣೆಪಟ್ಟಿ, ಬರೆಯುವ ಪೆಟ್ಟಿಗೆ, ಸಾಲುಸಾಲಾದ ಕೋಷ್ಟಕ ಇವುಗಳಿಗೆಲ್ಲ, ವಿಜೆಟ್ ಎನ್ನುತ್ತಾರೆ. ಅವನ್ನು ಕಿಟಕಿಯೊಳಗೆ ಹೊಂದಿಸಿ ಕೂರಿಸುವ ಏರ್ಪಾಡಿಗೆ ಲೇಔಟ್ ಎಂದು ಹೆಸರು. ಇವಕ್ಕೆ ಕನ್ನಡದಲ್ಲಿ ಬೇರೆ ಪದಗಳನ್ನು ಕಟ್ಟಬಹುದು. ಆದರೆ ಕೆಲಸ ಮಾಡುವವರ ಬಾಯಲ್ಲಿ ಇರುವುದು ಇವೇ ಆದುದರಿಂದ ಇವನ್ನೇ ಇಟ್ಟುಕೊಳ್ಳುವುದು ಲೇಸೆಂದು ನಮ್ಮ ಮತ.

ನಮ್ಮ ಸಂಘದ ಗ್ರಂಥಾಲಯದಲ್ಲಿ ಪುಸ್ತಕ ಎರವಲು ಕೊಡುವ ಲೆಕ್ಕವನ್ನಿಡಲು ಒಂದು ಪ್ರೋಗ್ರಾಮು ಇದೆ. ಹಿತೈಷಿಯೊಬ್ಬರು ಬಿಡುವಿನ ವೇಳೆಯಲ್ಲಿ ಬರೆದು ಪುಕ್ಕಟೆಯಾಗಿ ಕೊಟ್ಟದ್ದು. ಅವರ ಉಪಕಾರ ದೊಡ್ಡದು. ಅದರ ಮಾತುಗಳೆಲ್ಲ ಇಂಗ್ಲಿಷಿನಲ್ಲಿದ್ದುವು. ಕನ್ನಡ ಸಂಘದ ಗ್ರಂಥಾಲಯದಲ್ಲಿ ಇಂಗ್ಲಿಷು ಗುಂಡಿಗಳೇಕೆ ಎಂದು ವಾರ್ಷಿಕ ಸಭೆಯಲ್ಲಿ ಪ್ರಶ್ನೆ ಎದ್ದಿತು. ನ್ಯಾಯವಾದ ಪ್ರಶ್ನೆಯೇ. ಗ್ರಂಥಾಲಯ ನೋಡಿಕೊಳ್ಳುವ ನಾವು ಕೆಲವರು ಕೂಡಿ ಅದರ ಮಾತುಗಳನ್ನೆಲ್ಲ ಕನ್ನಡಕ್ಕೆ ತಂದೆವು. ಮರುದಿನ ಕಿಟಕಿ ತೆರೆದಾಗ ಕಂಡ ನೋಟವನ್ನು ಹೇಳಬೇಕು. ಇಂಗ್ಲಿಷಿನಲ್ಲಿ 'ಡ್ಯೂ ಡೇಟ್' ಎಂದಿದ್ದ ಕಡೆ 'ಹಿಂದಿರುಗಿಸಬೇಕಾದ ದಿನಾಂಕ' ಎಂದು ಬರೆದಿದ್ದೆವು. ಪರದೆಯ ಮೇಲೆ ಕಂಡದ್ದು 'ಹಿಂದಿರುಗಿಸಬೇ' ಎಂಬಷ್ಟೇ. ಬೇಕೋ ಬೇಡವೋ ಎಂಬುದು ಪೆಟ್ಟಿಗೆಯ ಆಚೆ ಉಳಿದುಬಿಟ್ಟಿತ್ತು. ಪುಸ್ತಕ ಹಿಂದಿರುಗಿಸಲು ಮೊದಲೇ ಮನಸ್ಸಿಲ್ಲದ ಕೆಲವು ಸದಸ್ಯರಿಗೆ ಇದು ಬಹಳ ಅನುಕೂಲವಾಗಿ ಕಂಡಿರಬೇಕು.

ಅಡ್ಡಕ್ಕೆ ಕತ್ತರಿಸಿದ್ದು ಇದು. ಉದ್ದಕ್ಕೆ ಕತ್ತರಿಸಿದ್ದು ಇನ್ನೂ ಕೆಟ್ಟದು. ಪುಸ್ತಕಗಳ ಪಟ್ಟಿಯಲ್ಲಿ ಒಂದೊಂದು ಸಾಲಿನ ಕೆಳಭಾಗವೂ ಸವೆದುಹೋದ ಹಾಗೆ ಕಾಣುತ್ತಿತ್ತು; ಸವೆದದ್ದು ಒತ್ತಕ್ಷರಗಳು. ಮೊಮ್ಮಗನಿಗೆ ಪುಸ್ತಕ ಆರಿಸಲು ಬಂದಿದ್ದ ಧಾರವಾಡದ ಕಡೆಯ ಅಜ್ಜಿಯೊಬ್ಬರು ಕನ್ನಡಕ ಸರಿಮಾಡಿಕೊಂಡು ನೋಡಿ, "ಯಾಕೋ ತಮ್ಮಾ, ಇದು ಕತಿನೋ ಕತ್ತಿನೋ?" ಎಂದು ಕೇಳಿದರು. ಅವರ ಕಡೆ ಕತ್ತೆಗೆ ಕತ್ತಿ ಎನ್ನುತ್ತಾರೆ, ಕತೆಗೆ ಕತಿ. ಒಂದು ಒತ್ತು ಬಿದ್ದುಹೋದರೆ ಕತ್ತೆಯೂ ಕತೆಯೂ ಒಂದೇ. ಹಳ್ಳಿ ಹೋಗಿ ಹಳಿಯಾಗುತ್ತದೆ, ಎಲ್ಲೆ ಹೋಗಿ ಎಲೆಯಾಗುತ್ತದೆ. ಅದಿರಲಿ, ನಮ್ಮ ನುಡಿಯ ಹೆಸರಿನಲ್ಲೇ ಒಂದು ಒತ್ತು ಇದೆ. ಅದನ್ನು ಕತ್ತರಿಸಿದ ಕಿಟಕಿ 'ಕನಡ' ಎಂದು ತೋರಿಸುತ್ತಿತ್ತು.

ಆಗ ಹಿರಿಯರೊಬ್ಬರು ಬೇಸರದಿಂದ ಹೇಳಿದ ಮಾತು ಇದು: "ಇಂಗ್ಲಿಷ್ ಇದ್ದಾಗ ಛಲೋ ಇತ್ತಲ್ಲೋ. ಕನ್ನಡ ಹಾಕಿದ್ರ ಕೆಡತದ ಅಂದ್ರ ಯಾಕ ಹಾಕ್ತೀರಿ? ಮೊದಲಿನ ಹಾಂಗ ಇಟ್ಟುಬಿಡ್ರಿ." ಈ ಮಾತು ನಮ್ಮ ಸಂಘದಲ್ಲಿ ಮಾತ್ರ ಕೇಳಿದ್ದಲ್ಲ. ಬ್ಯಾಂಕಿನ, ಅಂಗಡಿಯ, ಶಾಲೆಯ ಕಂಪ್ಯೂಟರುಗಳ ಮುಂದೆ ಕುಳಿತ ಎಷ್ಟೋ ಕನ್ನಡಿಗರು ಇದನ್ನೇ ಮನಸ್ಸಿನಲ್ಲಿ ಅಂದುಕೊಂಡು, ಕನ್ನಡದ ಆಯ್ಕೆಯನ್ನು ಒಮ್ಮೆ ಒತ್ತಿ ನೋಡಿ, ಮತ್ತೆ ಇಂಗ್ಲಿಷಿಗೇ ಮರಳುತ್ತಾರೆ. ಕನ್ನಡ ಯಂತ್ರಕ್ಕೆ ಹೊಂದದು ಎಂಬ ನಂಬಿಕೆ ಬೇರೂರುವುದು ಹೀಗೆ. ಅದು ಸುಳ್ಳು. ಕೆಟ್ಟಿದ್ದದ್ದು ಕನ್ನಡವಲ್ಲ, ಪೆಟ್ಟಿಗೆ. ಇಂಗ್ಲಿಷಿನಲ್ಲಿದ್ದಾಗಲೂ ಅದು ಕೆಟ್ಟೇ ಇತ್ತು. ಅದರೊಳಗೆ ಹಾಕಿದ್ದ ಮಾತು ಚಿಕ್ಕದಾಗಿದ್ದರಿಂದ ಹೊರಗೆ ತೋರುತ್ತಿರಲಿಲ್ಲ, ಅಷ್ಟೆ.

ಹೇಗೆಂದು ಹೇಳುತ್ತೇವೆ. ವಿಜೆಟನ್ನು ಕಿಟಕಿಯಲ್ಲಿಡಲು ಎರಡು ದಾರಿಗಳುಂಟು. ಒಂದು, ಎಡದಿಂದ ಇಷ್ಟು, ಮೇಲಿನಿಂದ ಇಷ್ಟು, ಅಗಲ ಇಷ್ಟು, ಎತ್ತರ ಇಷ್ಟು ಎಂದು ಪಿಕ್ಸೆಲ್ ಲೆಕ್ಕದಲ್ಲಿ, ಅಂದರೆ ಪರದೆಯ ಚುಕ್ಕಿಗಳ ಲೆಕ್ಕದಲ್ಲಿ, ಕಡಿದು ಹೇಳಿಬಿಡುವುದು. ಇನ್ನೊಂದು, ಪ್ರತಿಯೊಂದು ವಿಜೆಟನ್ನೂ "ನಿನಗೆಷ್ಟು ಜಾಗ ಬೇಕು?" ಎಂದು ಕೇಳಿ, ಇರುವ ಜಾಗವನ್ನು ಹಂಚುವ ಕೆಲಸವನ್ನು ಲೇಔಟಿಗೆ ಬಿಡುವುದು. ಮದುವೆಮನೆಯಲ್ಲಿ ಪಂಕ್ತಿ ಹಾಕುವವನನ್ನು ನೆನೆದುಕೊಳ್ಳಿ. ನೆಲದ ಮೇಲೆ ಒಂದೊಂದೂವರೆ ಅಡಿಗೆ ಸುಣ್ಣದ ಗೆರೆ ಎಳೆದು, ಬಂದವರು ಯಾರೇ ಆಗಲಿ ಗೆರೆಯೊಳಗೇ ಕೂಡಬೇಕೆಂದರೆ, ಸಣಕಲು ಹುಡುಗರ ಪಂಕ್ತಿ ಸೊಗಸಾಗಿ ಕಾಣುತ್ತದೆ. ದಪ್ಪನೆಯ ಬೀಗರು ಬಂದ ಗಳಿಗೆಗೆ ಎಲೆ ಎಲೆಯ ಮೇಲೆ ಬೀಳುತ್ತದೆ. ಬೀಗರನ್ನು ಬಯ್ದು ಫಲವೇನು? ನಮ್ಮ ಗ್ರಂಥಾಲಯದ ಪ್ರೋಗ್ರಾಮಿನಲ್ಲಿ ಎಳೆದಿದ್ದದ್ದು ಸುಣ್ಣದ ಗೆರೆ. ಹಣೆಪಟ್ಟಿಗೆ ಅಗಲ ೮೦ ಪಿಕ್ಸೆಲ್, ಎತ್ತರ ೧೮. ಕನ್ನಡದ ಒಂದು ಸಾಲು ಕೇಳುತ್ತಿದ್ದ ಎತ್ತರ ೨೪.

ಆ ಪ್ರೋಗ್ರಾಮನ್ನು ಬರೆದಿರುವುದು 'ಕ್ಯೂಟ್' ಎಂಬ ಸಲಕರಣೆಯಿಂದ. ನಾರ್ವೆ ದೇಶದ ಹಾವರ್ಡ್ ನೋರ್ಡ್ ಮತ್ತು ಐರಿಕ್ ಚಾಂಬೆ-ಎಂಗ್ ಎಂಬ ಇಬ್ಬರು ೧೯೯೧ರಲ್ಲಿ ಇದರ ಕೆಲಸ ಆರಂಭಿಸಿ ೧೯೯೫ರಲ್ಲಿ ಲೋಕಕ್ಕೆ ಕೊಟ್ಟರು. ಕಾಕತಾಳೀಯವೆಂದರೆ, ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಟ್ಟ ಯೂನಿಕೋಡಿನ ಮೊದಲ ಆವೃತ್ತಿ ಹೊರಬಂದದ್ದೂ ೧೯೯೧ರಲ್ಲೇ, ಮತ್ತು ಕನ್ನಡಕ್ಕೆ ಅದರಲ್ಲೇ ಸ್ಥಾನ ಸಿಕ್ಕಿತ್ತು. ಅಕ್ಷರಕ್ಕೆ ಸ್ಥಾನ ಸಿಕ್ಕು ಮೂವತ್ತಕ್ಕೂ ಹೆಚ್ಚು ವರ್ಷಗಳಾದುವು. ಆ ಅಕ್ಷರ ಕೂರುವ ಪೆಟ್ಟಿಗೆಯ ಎತ್ತರ ಮಾತ್ರ ಇನ್ನೂ ಎಷ್ಟೋ ಕಡೆ ಇಂಗ್ಲಿಷಿನದೇ.

ಕ್ಯೂಟಿನಲ್ಲಿ ಪ್ರತಿಯೊಂದು ವಿಜೆಟಿಗೂ 'ಸೈಜ್‌ಹಿಂಟ್' ಎಂಬ ಒಂದು ಉತ್ತರ ಇರುತ್ತದೆ: ತನ್ನೊಳಗಿನ ಅಕ್ಷರವನ್ನು ಅಳೆದು, "ನನಗೆ ಇಷ್ಟಿದ್ದರೆ ಚೆನ್ನ" ಎಂದು ಅದೇ ಹೇಳುತ್ತದೆ. ಕನ್ನಡ ಹಾಕಿದರೆ ಕನ್ನಡವನ್ನು ಅಳೆದು ಹೇಳುತ್ತದೆ. ಇದರ ಜೊತೆಗೆ 'ಸೈಜ್‌ಪಾಲಿಸಿ' ಎಂಬ ಸ್ವಭಾವವೊಂದಿದೆ. ಕೇಳಿದ್ದಕ್ಕಿಂತ ಹೆಚ್ಚು ಜಾಗ ಕೊಟ್ಟರೆ ಏನು ಮಾಡಬೇಕು, ಕಡಿಮೆ ಕೊಟ್ಟರೆ ಏನು ಎಂಬುದು ಅದರಲ್ಲಿರುತ್ತದೆ. ಬರೆಯುವ ಪೆಟ್ಟಿಗೆ ಅಡ್ಡಕ್ಕೆ ಹಿಗ್ಗುತ್ತದೆ, ಎತ್ತರದಲ್ಲಿ ಹಿಗ್ಗುವುದಿಲ್ಲ. ಗುಂಡಿ ತನ್ನ ಮಾತಿಗಿಂತ ಕಿರಿದಾಗಲು ಒಪ್ಪುವುದಿಲ್ಲ. ಹಣೆಪಟ್ಟಿ ಸಾಧುಪ್ರಾಣಿ, ಎಳೆದರೆ ಹಿಗ್ಗುತ್ತದೆ, ಒತ್ತಿದರೆ ಕುಗ್ಗುತ್ತದೆ. ಆದುದರಿಂದಲೇ ಏಟು ಬೀಳುವುದೂ ಹೆಚ್ಚಾಗಿ ಅದಕ್ಕೇ.

ಇಲ್ಲಿ ಹೊಸಬರು ಬೀಳುವ ಒಂದು ಹಳ್ಳವನ್ನು ತೋರಿಸಬೇಕು. ಈ ಸ್ವಭಾವಗಳ ಹೆಸರುಗಳು ಓದಿದರೆ ಒಂದು ಅರ್ಥ, ನಡೆದರೆ ಇನ್ನೊಂದು. 'ಮ್ಯಾಕ್ಸಿಮಮ್' ಎಂದು ಕೊಟ್ಟರೆ ವಿಜೆಟು ಸಾಧ್ಯವಾದಷ್ಟು ದೊಡ್ಡದಾಗುತ್ತದೆ ಎಂದು ಯಾರಾದರೂ ತಿಳಿಯುವರು. ನಿಜವಾದ ಅರ್ಥ ತದ್ವಿರುದ್ಧ: ಸೈಜ್‌ಹಿಂಟ್ ಹೇಳಿದ ಅಳತೆಯೇ ಗರಿಷ್ಠ, ಅದಕ್ಕಿಂತ ಒಂದು ಚುಕ್ಕಿಯೂ ಬೆಳೆಯಕೂಡದು. 'ಮಿನಿಮಮ್' ಎಂದರೆ ಆ ಅಳತೆಯೇ ಕನಿಷ್ಠ, ಅದಕ್ಕಿಂತ ಕುಗ್ಗಕೂಡದು, ಹಿಗ್ಗಲು ಅಡ್ಡಿಯಿಲ್ಲ. ಹಿಗ್ಗಿ ಜಾಗ ತುಂಬಬೇಕೆಂದರೆ ಕೊಡಬೇಕಾದ್ದು 'ಎಕ್ಸ್‌ಪ್ಯಾಂಡಿಂಗ್'. ಹೆಸರಿಟ್ಟವರ ಮನಸ್ಸಿನಲ್ಲಿ ತರ್ಕವಿತ್ತೆಂಬುದನ್ನು ಒಪ್ಪಬಹುದು; ಕೇಳುವವರ ಮೇಲೆ ಕರುಣೆ ಇತ್ತೆಂಬುದನ್ನು ಒಪ್ಪುವುದು ಕಷ್ಟ.

ಈಗ ದೋಷ ಹುಡುಕುವ ಕ್ರಮಕ್ಕೆ ಬರೋಣ. ಕಿಟಕಿ ಕೆಟ್ಟಿತೆಂದು ಕಂಡೊಡನೆ ಪ್ರೋಗ್ರಾಮಿನ ಸಾಲುಗಳನ್ನು ತೆರೆದು ಅಲ್ಲಿ ಎರಡು ಪಿಕ್ಸೆಲ್, ಇಲ್ಲಿ ಐದು ಪಿಕ್ಸೆಲ್ ಸೇರಿಸುತ್ತ ಹೋಗುವುದು ಎಲ್ಲರೂ ಮಾಡುವ ಕೆಲಸ, ಮತ್ತು ಎಲ್ಲಕ್ಕಿಂತ ಹೆಚ್ಚು ಹೊತ್ತು ಕೆಡಿಸುವ ಕೆಲಸ. ಅದರ ಬದಲು ಮೊದಲು ಕಿಟಕಿಯ ಮೂಲೆ ಹಿಡಿದು ಎಳೆಯಿರಿ. ದೊಡ್ಡದು ಮಾಡಿ, ಚಿಕ್ಕದು ಮಾಡಿ, ಯಾವುದು ಕದಲುತ್ತದೆ, ಯಾವುದು ಕದಲುವುದಿಲ್ಲ ಎಂದು ನೋಡಿ. ಕಿಟಕಿ ಎಷ್ಟು ಹಿಗ್ಗಿದರೂ ಒಳಗಿನದೆಲ್ಲ ಎಡಮೂಲೆಗೆ ಅಂಟಿಕೊಂಡೇ ಇದ್ದರೆ ಅಲ್ಲಿ ಲೇಔಟೇ ಇಲ್ಲ. ಎಲ್ಲವೂ ಹಿಗ್ಗಿ ಒಂದು ಮಾತ್ರ ನಿಂತಿದ್ದರೆ ಅದಕ್ಕೆ ಯಾರೋ ನಿಗದಿತ ಅಳತೆಯ ಬೇಡಿ ತೊಡಿಸಿದ್ದಾರೆ. ಒಳಗಿನ ವಿಜೆಟುಗಳ ನಡುವೆ ಬಯಲು ಬೆಳೆಯುತ್ತ ಹೋದರೆ ಹೆಚ್ಚುವರಿ ಜಾಗ ಯಾರಿಗೆ ಸೇರಬೇಕೆಂಬುದು ಇತ್ಯರ್ಥವಾಗಿಲ್ಲ. ಅರ್ಧ ನಿಮಿಷದ ಈ ಪರೀಕ್ಷೆಯಿಂದ ರೋಗ ಯಾವ ಜಾತಿಯದೆಂದು ತಿಳಿದುಬಿಡುತ್ತದೆ.

ಎರಡನೆಯದು ಬಣ್ಣ ಹಚ್ಚುವುದು. ಪೆಟ್ಟಿಗೆಗಳು ಕಣ್ಣಿಗೆ ಕಾಣುವುದಿಲ್ಲ, ಕಾಣುವುದು ಅವುಗಳೊಳಗಿನ ಅಕ್ಷರ. ಅಕ್ಷರ ಸರಿದಿದೆಯೋ ಪೆಟ್ಟಿಗೆಯೇ ಸರಿದಿದೆಯೋ ಬರಿಗಣ್ಣಿಗೆ ಹೇಳಲಾಗದು. ಸ್ಟೈಲ್‌ಶೀಟಿನಿಂದ ಒಂದು ಪೆಟ್ಟಿಗೆಯ ಹಿನ್ನೆಲೆಗೆ ಅರಿಸಿನದ ಬಣ್ಣ, ಪಕ್ಕದ್ದಕ್ಕೆ ಎಳೆಹಸಿರು, ಅವೆರಡನ್ನೂ ಹೊತ್ತ ದೊಡ್ಡ ಪೆಟ್ಟಿಗೆಗೆ ತಿಳಿನೀಲಿ ಕೊಟ್ಟು ನೋಡಿ. ಕಿಟಕಿ ಅಂದ ಕೆಟ್ಟು ಹೋಳಿಹಬ್ಬದ ಹುಡುಗನಂತೆ ಕಂಡರೂ ಸರಿಯೆ, ಸತ್ಯ ಹೊರಬರುತ್ತದೆ. ಕೆಲವರು ಸುತ್ತ ಕೆಂಪು ಗೆರೆ ಎಳೆಯುತ್ತಾರೆ. ಅದಕ್ಕಿಂತ ಹಿನ್ನೆಲೆಗೆ ಬಣ್ಣ ಕೊಡುವುದು ಮೇಲು. ಗೆರೆಯೂ ತನ್ನಷ್ಟಕ್ಕೆ ಜಾಗ ತಿನ್ನುವುದರಿಂದ, ಅಳೆಯಲು ಹೋಗಿ ಅಳತೆಯನ್ನೇ ಕೆಡಿಸಿದಂತಾಗುತ್ತದೆ. ಗ್ರಂಥಾಲಯದ ಕಿಟಕಿಗೆ ನಾವು ಬಣ್ಣ ಹಚ್ಚಿದಾಗ ಕಂಡದ್ದೇನು? ಬಲಗಡೆ ಒಂದು ಗೇಣು ಜಾಗ ಖಾಲಿ ಬಿದ್ದಿತ್ತು. 'ಹಿಂದಿರುಗಿಸಬೇಕಾದ ದಿನಾಂಕ' ಪೂರ್ತಿ ಹಿಡಿಸಿ ಇನ್ನೂ ಮಿಗುವಷ್ಟು ಜಾಗ! ಕಿಟಕಿಯಲ್ಲಿ ಎಡೆಯಿತ್ತು, ಕನ್ನಡಕ್ಕೆ ಕೊಟ್ಟಿರಲಿಲ್ಲ.

ಇನ್ನೂ ತಿಳಿಯದಿದ್ದರೆ ವಂಶವೃಕ್ಷ ಕೇಳಬೇಕು. ಕ್ಯೂಟಿನಲ್ಲಿ 'ಡಂಪ್‌ಆಬ್ಜೆಕ್ಟ್‌ಟ್ರೀ' ಎಂದರೆ ಯಾವ ವಿಜೆಟು ಯಾವುದರ ಮಗು ಎಂಬ ಪಟ್ಟಿ ಅಚ್ಚಾಗಿ ಬರುತ್ತದೆ. ತಂದೆಯಿಲ್ಲದೆ ಅಲೆಯುವ ವಿಜೆಟುಗಳು, ತಪ್ಪು ಮನೆಗೆ ದತ್ತು ಹೋದವು, ಎಲ್ಲ ಅಲ್ಲಿ ಸಿಕ್ಕಿಬೀಳುತ್ತವೆ. ಓಡುತ್ತಿರುವ ಪ್ರೋಗ್ರಾಮಿನ ಹೊಟ್ಟೆ ಸೀಳಿ ತೋರಿಸುವ 'ಗಾಮಾರೇ' ಎಂಬ ಉಪಕರಣವೂ ಇದೆ. ಅನುಮಾನ ಬಂದ ವಿಜೆಟಿನ ಸೈಜ್‌ಹಿಂಟನ್ನೂ ಅದಕ್ಕೆ ದೊರೆತಿರುವ ನಿಜವಾದ ಅಳತೆಯನ್ನೂ ಅಕ್ಕಪಕ್ಕ ಬರೆದುಕೊಳ್ಳಿ. ಕೇಳಿದ್ದು ೨೪, ಸಿಕ್ಕಿದ್ದು ೧೮ ಎಂದಿದ್ದರೆ ಅಪರಾಧಿ ಮೇಲೆ ಎಲ್ಲೋ ಇದ್ದಾನೆ. ಕೇಳಿದ್ದೇ ೧೮ ಎಂದಿದ್ದರೆ ಅಪರಾಧ ಅಳೆಯುವುದರಲ್ಲಿದೆ. ಎರಡಕ್ಕೂ ಮದ್ದು ಬೇರೆ.

ನಾವು ಕಂಡಂತೆ ಹತ್ತರಲ್ಲಿ ಎಂಟು ಸಲ ಸಿಕ್ಕುವ ಅಪರಾಧಿಗಳು ಕೆಲವೇ. ಚಿತ್ರ ಬಿಡಿಸಿದ ಹಾಗೆ ಕಿಟಕಿ ರಚಿಸುವ ಡಿಸೈನರಿನಲ್ಲಿ ವಿಜೆಟುಗಳನ್ನು ಅಂದವಾಗಿ ಜೋಡಿಸಿ, ಎಲ್ಲಕ್ಕೂ ಹೊರಗಿನ ಮೂಲ ಪೆಟ್ಟಿಗೆಗೆ ಲೇಔಟ್ ಹಾಕುವುದನ್ನೇ ಮರೆಯುವುದು ಒಂದು. ಒಳಮನೆಗಳಿಗೆಲ್ಲ ಗೋಡೆ ಕಟ್ಟಿ ಹೊರಗೋಡೆ ಬಿಟ್ಟ ಹಾಗೆ. ಮುಖ್ಯ ಕಿಟಕಿಗೆ ನೇರವಾಗಿ ಲೇಔಟ್ ಕೊಡಲು ಹೋಗುವುದು ಇನ್ನೊಂದು. ಮೆನು, ಉಪಕರಣಪಟ್ಟಿ ಇವನ್ನಿಡಲು ಮುಖ್ಯ ಕಿಟಕಿಗೆ ತನ್ನದೇ ಲೇಔಟ್ ಮೊದಲೇ ಇರುತ್ತದೆ. ನಮ್ಮದನ್ನು ಒಂದು ಸಾದಾ ವಿಜೆಟಿನೊಳಗೆ ಕಟ್ಟಿ ಅದನ್ನು 'ಸೆಟ್‌ಸೆಂಟ್ರಲ್‌ವಿಜೆಟ್' ಎಂಬ ಬಾಗಿಲಿನಿಂದ ಒಳಗೆ ಕಳಿಸಬೇಕು. ಸುರುಳಿಯಂತೆ ಮೇಲೆ ಕೆಳಗೆ ಸರಿಯುವ ಸ್ಕ್ರೋಲ್ ಪ್ರದೇಶದೊಳಗಿನದು ಮುದುರಿಕೊಂಡು ಕುಳಿತರೆ, ನೂರಕ್ಕೆ ತೊಂಬತ್ತು ಪಾಲು 'ಸೆಟ್‌ವಿಜೆಟ್‌ರೀಸೈಜಬಲ್' ಎಂಬುದನ್ನು ಹೌದೆಂದು ಮಾಡಿರುವುದಿಲ್ಲ. ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟಷ್ಟೂ ಒಂದೊಂದರ ಅಂಚಿನ ಖಾಲಿ ಜಾಗ ಸೇರಿ ಸೇರಿ ಒಳಗಿನದು ಎಲ್ಲೋ ನಡುಮನೆಯಲ್ಲಿ ನಿಂತಂತೆ ಕಾಣುವುದೂ ಉಂಟು. ಒಳಪೆಟ್ಟಿಗೆಗಳ ಅಂಚನ್ನು ಸೊನ್ನೆ ಮಾಡಿದರೆ ಸರಿಹೋಗುತ್ತದೆ.

ಹೆಚ್ಚುವರಿ ಜಾಗವನ್ನು ನುಂಗಲು 'ಸ್ಟ್ರೆಚ್' ಎಂಬ ಖಾಲಿ ತುಂಡನ್ನು ಇಡುವುದುಂಟು. ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದ ಛಾಪಖಾನೆಯನ್ನು ಕಂಡವರು ಈ ಸಭೆಯಲ್ಲಿ ಇನ್ನೂ ಇದ್ದಾರೆ. ಸಾಲು ಬಿಗಿಯಾಗಿ ನಿಲ್ಲಲೆಂದು ಕಂಪೋಸಿಟರು ಮುಖವಿಲ್ಲದ ಸೀಸದ ತುಂಡುಗಳನ್ನು ತುಂಬುತ್ತಿದ್ದನಲ್ಲ, ಅದೇ ಇದು. ವ್ಯತ್ಯಾಸವೆಂದರೆ, ಸೀಸ ಹಿಗ್ಗುತ್ತಿರಲಿಲ್ಲ.

ಇನ್ನು ಕನ್ನಡದ್ದೇ ಆದ ತೊಂದರೆಗಳು. ಇವನ್ನು ಇಂಗ್ಲಿಷು ಪುಸ್ತಕಗಳು ಹೇಳಿಕೊಡುವುದಿಲ್ಲವಾದ್ದರಿಂದ ಸ್ವಲ್ಪ ನಿಧಾನಿಸಬೇಕು. ಮೊದಲಿಗೆ, ಒತ್ತು ಕತ್ತರಿಸಿಹೋಗುವುದು ಬೇರೆ, ಒತ್ತು ಕೂಡದಿರುವುದು ಬೇರೆ. 'ಕನ್ನಡ' ಎಂಬುದು 'ಕನ್‌ನಡ' ಎಂದು ಬಿಡಿಬಿಡಿಯಾಗಿ ಕಂಡರೆ ಅದು ಲೇಔಟಿನ ತಪ್ಪಲ್ಲ. ಅಕ್ಷರಗಳನ್ನು ಕೂಡಿಸಿ ಒತ್ತು ಮಾಡುವ ಭಾಗ ಕೆಲಸ ಮಾಡುತ್ತಿಲ್ಲ. ಕ್ಯೂಟಿನಲ್ಲಿ ಆ ಕೆಲಸ 'ಹಾರ್ಫ್‌ಬಜ್' ಎಂಬುದರದು. ಪೆಟ್ಟಿಗೆಯನ್ನು ಎಷ್ಟು ದೊಡ್ಡದು ಮಾಡಿದರೂ ಅದು ಸರಿಹೋಗದು. ಒತ್ತಿನ ತಲೆ ಕಂಡು ಕಾಲು ಕಾಣದಿದ್ದರೆ ಮಾತ್ರ ಅದು ನಮ್ಮ ಇಂದಿನ ವಿಷಯ. ಇದನ್ನು ಮೊದಲೇ ಬೇರ್ಪಡಿಸಿಕೊಳ್ಳದೆ ವಾರಗಟ್ಟಲೆ ಪೆಟ್ಟಿಗೆ ಹಿಗ್ಗಿಸುತ್ತ ಕೂತವರನ್ನು ಬಲ್ಲೆವು.

ಎರಡನೆಯದು ಎರವಲಿನ ಅಕ್ಷರ. ಪ್ರೋಗ್ರಾಮಿಗೆ ಗೊತ್ತುಮಾಡಿದ ಅಕ್ಷರಶೈಲಿಯಲ್ಲಿ, ಎಂದರೆ ಫಾಂಟಿನಲ್ಲಿ, ಕನ್ನಡವಿಲ್ಲದಿದ್ದರೆ ಕಂಪ್ಯೂಟರು ಸುಮ್ಮನೆ ಕೂರುವುದಿಲ್ಲ. ಕನ್ನಡವಿರುವ ಇನ್ನೊಂದು ಫಾಂಟನ್ನು ಹುಡುಕಿ ಅಲ್ಲಿಂದ ಅಕ್ಷರ ತರುತ್ತದೆ. ಒಳ್ಳೆಯ ಗುಣವೇ. ಆದರೆ ಎತ್ತರವನ್ನು ಮೊದಲನೆಯದರಿಂದ ಎಣಿಸಿ ಅಕ್ಷರವನ್ನು ಎರಡನೆಯದರಿಂದ ತಂದಾಗ, ಅಂಗಿಯ ಅಳತೆ ತಮ್ಮನದು, ತೊಡುವವನು ಅಣ್ಣ ಎಂದಾಗುತ್ತದೆ. ಆಗಲೇ ನೋಡಿ, ನಿಗದಿತ ಅಳತೆ ಎಲ್ಲೂ ಇಲ್ಲದಿದ್ದರೂ ಒತ್ತು ಬೀಳುವುದು. ಇದಕ್ಕೆ ಮದ್ದು ಸುಲಭ: ಕನ್ನಡದ ಫಾಂಟನ್ನು ಹೆಸರು ಹಿಡಿದು ಹೇಳಿಬಿಡಬೇಕು. ವಿಂಡೋಸ್ ಎಕ್ಸ್‌ಪಿಯೊಡನೆ ೨೦೦೧ರಲ್ಲಿ 'ತುಂಗ' ಬಂದಿತು. ೨೦೧೨ರ ವಿಂಡೋಸ್ ೮ರಿಂದೀಚೆಗೆ 'ನಿರ್ಮಲಾ' ಇದೆ. 'ನೋಟೊ ಸ್ಯ್ಯಾನ್ಸ್ ಕನ್ನಡ'ವನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಪಡೆದು ಪ್ರೋಗ್ರಾಮಿನ ಜೊತೆಗೇ ಕಟ್ಟಿ ಕೊಡಬಹುದು. ಫಾಂಟು ಬದಲಿಸಿದರೆ ಎತ್ತರವೂ ಬದಲಾಗುತ್ತದೆಂಬುದನ್ನು ಮರೆಯಬಾರದು. ಎತ್ತರವನ್ನು ಸಂಖ್ಯೆಯಲ್ಲಿ ಬರೆಯದೆ, ಫಾಂಟನ್ನೇ ಕೇಳಿ ಪಡೆಯಬೇಕೆನ್ನುವುದು ಈ ಕಾರಣಕ್ಕೆ.

ಮೂರನೆಯದು ಪದಗಳ ಉದ್ದ. ನಮ್ಮ ನುಡಿಯಲ್ಲಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುತ್ತವೆ. ಇಂಗ್ಲಿಷಿನ ಮೂರು ಚಿಕ್ಕ ಪದಗಳು ಇಲ್ಲಿ ಒಂದೇ ಉದ್ದನೆಯ ಪದವಾಗುವುದುಂಟು. ಮೂರಾಗಿದ್ದರೆ ನಡುವೆ ಮುರಿದು ಎರಡು ಸಾಲಿಗೆ ಹಾಕಬಹುದಿತ್ತು. ಒಂದೇ ಆದುದನ್ನು ಮುರಿಯುವುದು ಹೇಗೆ? ಇದಕ್ಕೊಂದು ಸುಲಭದ ಉಪಾಯ ಸೂಚಿಸಿದವರುಂಟು: ಪದವನ್ನೇ ಚಿಕ್ಕದು ಮಾಡಿ, 'ಗಡುವು' ಎನ್ನಿ, ಮೂರಕ್ಷರದಲ್ಲಿ ಮುಗಿಯಿತು. ಗಡುವು ಸೊಗಸಾದ ಮಾತು, ನಮ್ಮ 'ಹಿಂದಿರುಗಿಸಬೇಕಾದ ದಿನಾಂಕ'ಕ್ಕಿಂತ ಎಷ್ಟೋ ಜೀವಂತ. ಅದನ್ನು ನಾವು ತೆಗೆದುಕೊಂಡೆವು. ಆದರೆ ತೆಗೆದುಕೊಂಡದ್ದು ಒಳ್ಳೆಯ ಕನ್ನಡವೆಂದು, ಪೆಟ್ಟಿಗೆ ಸಣ್ಣದೆಂದು ಅಲ್ಲ. ಪೆಟ್ಟಿಗೆಗೆ ಹೆದರಿ ಪದ ಕುಗ್ಗಿಸಲು ಹೊರಟರೆ 'ಸದಸ್ಯರ ಸಂಖ್ಯೆ' 'ಸ. ಸಂ.' ಆಗುತ್ತದೆ, 'ಪ್ರಕಾಶಕರು' 'ಪ್ರಕಾ.' ಆಗುತ್ತಾರೆ, ಕೊನೆಗೆ ಆ ಕಿಟಕಿ ಓದಲು ಇನ್ನೊಂದು ನಿಘಂಟು ಬೇಕಾಗುತ್ತದೆ.

ಮೇಲಾದ ದಾರಿಯೆಂದರೆ ಹೆಸರನ್ನು ಪೆಟ್ಟಿಗೆಯ ಎಡಕ್ಕೆ ಬರೆಯುವ ಬದಲು ಮೇಲೆ ಬರೆಯುವುದು. ಇಂಗ್ಲಿಷು ನಮೂನೆಗಳಲ್ಲಿ ಎಡಕ್ಕೆ ಹೆಸರು, ಬಲಕ್ಕೆ ಪೆಟ್ಟಿಗೆ ಎಂಬ ಸಂಪ್ರದಾಯವಿದೆ. ಚಿಕ್ಕ ಪದಗಳಿಗೆ ಅದು ಚೆಂದ. ಕ್ಯೂಟಿನ ಫಾರ್ಮ್‌ಲೇಔಟಿನಲ್ಲಿ ಸಾಲು ಮುರಿಯುವ ನೀತಿಯನ್ನು 'ರ‍್ಯಾಪ್‌ಆಲ್‌ರೋಸ್' ಎಂದು ಒಂದು ಮಾತು ಹೇಳಿದರೆ ಹೆಸರುಗಳೆಲ್ಲ ಪೆಟ್ಟಿಗೆಗಳ ತಲೆಯ ಮೇಲೆ ಹೋಗಿ ಕೂಡುತ್ತವೆ. ಕಿಟಕಿ ಸ್ವಲ್ಪ ಉದ್ದವಾಗುತ್ತದೆ, ಕನ್ನಡ ಪೂರ್ತಿ ಕಾಣುತ್ತದೆ. ಕೋಷ್ಟಕಗಳಿಗೆ ಬೇರೆ ಉಪಚಾರ: ಸಾಲಿನ ಎತ್ತರವನ್ನು ಒಳಗಿನ ಬರಹಕ್ಕೆ ತಕ್ಕಂತೆ ಹೊಂದಿಸಿಕೊಳ್ಳುವಂತೆ ಲಂಬ ತಲೆಪಟ್ಟಿಗೆ ಹೇಳಬೇಕು. ಅಜ್ಜಿಯವರ ಕತ್ತೆಗೆ ಕಾಲು ಮರಳಿ ಬಂದದ್ದು ಆ ಒಂದು ಸಾಲಿನಿಂದ. ಸಾವಿರಾರು ಪುಸ್ತಕಗಳ ಪಟ್ಟಿಯಾದರೆ ಪ್ರತಿ ಸಾಲನ್ನೂ ಅಳೆಯುವುದು ನಿಧಾನವಾಗುತ್ತದೆ. ಆಗ ಫಾಂಟಿನ ಎತ್ತರವನ್ನು ಒಮ್ಮೆ ಕೇಳಿ ಎಲ್ಲ ಸಾಲುಗಳಿಗೂ ಅದನ್ನೇ ಕೊಡುವುದು ವಾಸಿ.

ಕ್ಯೂಟ್ ಬಳಸದವರು ಬೇಸರಪಡಬಾರದು. ಜಿಟಿಕೆಯಲ್ಲಿ ಹೆಸರುಗಳು ಬೇರೆ, ವ್ಯವಹಾರ ಇದೇ. ಅಲ್ಲಿ ಕಂಟ್ರೋಲ್, ಶಿಫ್ಟ್, ಡಿ ಮೂರನ್ನೂ ಒತ್ತಿದರೆ ತಪಾಸಣೆಯ ಕಿಟಕಿ ತೆರೆಯುವಂತೆ ಏರ್ಪಾಡಿದೆ. ಪೈಥಾನಿನೊಡನೆ ಬರುವ ಟಿಕೆಯಲ್ಲಿ, ಬರ್ಕಲಿಯ ಜಾನ್ ಔಸ್ಟರ್‌ಹೌಟ್ ಅವರ ಸೃಷ್ಟಿಯಲ್ಲಿ, ಎರಡು ತೊಂದರೆ ಪದೇ ಪದೇ ಕಾಣುತ್ತವೆ. 'ಗ್ರಿಡ್' ಬಳಸಿದಾಗ ಕಂಬಸಾಲುಗಳ ತೂಕ ಮೊದಲಿಗೆ ಸೊನ್ನೆ. ತೂಕ ಕೊಡುವವರೆಗೆ ಕಿಟಕಿ ಹಿಗ್ಗಿದರೂ ಅವು ಹಿಗ್ಗುವುದಿಲ್ಲ. ಇನ್ನೊಂದು, ಒಂದೇ ಪೆಟ್ಟಿಗೆಯೊಳಗೆ 'ಪ್ಯಾಕ್' ಮತ್ತು 'ಗ್ರಿಡ್' ಎರಡನ್ನೂ ಬೆರೆಸುವುದು. ಒಂದೇ ಅಡಿಗೆಮನೆಗೆ ಇಬ್ಬರು ಯಜಮಾನಿಯರಾದಂತೆ, ಒಬ್ಬರು ಇಟ್ಟದ್ದನ್ನು ಇನ್ನೊಬ್ಬರು ಸರಿಸಿ, ಅವರು ಸರಿಸಿದ್ದನ್ನು ಇವರು ಮತ್ತೆ ಸರಿಸಿ, ಹಿಂದಿನ ಆವೃತ್ತಿಗಳಲ್ಲಿ ಪ್ರೋಗ್ರಾಮು ಅಲ್ಲೇ ಸುತ್ತುತ್ತ ನಿಂತುಬಿಡುತ್ತಿತ್ತು. ಈಚಿನವು ಮೊದಲೇ ಗದರಿಸುತ್ತವೆ.

ಬದಲಾವಣೆ ಮಾಡುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ ಎಳೆದು ನೋಡಬೇಕು. ಮೂರನ್ನು ಒಟ್ಟಿಗೆ ಬದಲಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು, ಉಳಿದೆರಡು ಮುಂದೆ ಎಲ್ಲಿ ಕಾಟ ಕೊಡುವುವೆಂದೂ ತಿಳಿಯದು. ಕಿಟಕಿಯನ್ನು ಇತರರಿಗೆ ಕೊಡುವ ಮೊದಲು ನಾವು ಮಾಡಿಕೊಂಡಿರುವ ಪರೀಕ್ಷೆ ಹೀಗಿದೆ. ಪ್ರತಿ ಹಣೆಪಟ್ಟಿಯಲ್ಲೂ 'ರಾಷ್ಟ್ರ', 'ಸ್ತ್ರೀ', 'ಕೃತ್ತಿಕೆ' ಇಂಥ ಕೆಳಗಿಳಿಯುವ ಅಕ್ಷರಗಳಿರುವ ಪದಗಳನ್ನು ತುಂಬುವುದು. ಒಂದರಲ್ಲಿ ಬೇಕೆಂದೇ ಮಾರುದ್ದದ ಪದ ಹಾಕುವುದು. ಅಕ್ಷರದ ಗಾತ್ರವನ್ನು ಒಂದೂವರೆ ಪಾಲು ಹೆಚ್ಚಿಸುವುದು, ಏಕೆಂದರೆ ನಮ್ಮ ಗ್ರಂಥಾಲಯಕ್ಕೆ ಬರುವವರಲ್ಲಿ ಅರ್ಧದಷ್ಟು ಜನ ಅರವತ್ತು ದಾಟಿದವರು. ಆಮೇಲೆ ಪರದೆಯನ್ನೇ ಶೇಕಡಾ ೧೨೫ಕ್ಕೆ ಹಿಗ್ಗಿಸಿ ನೋಡುವುದು. ಇಷ್ಟರಲ್ಲಿ ಪಾಸಾದ ಕಿಟಕಿ ಇಂಗ್ಲಿಷಿನಲ್ಲೂ ಮೊದಲಿಗಿಂತ ಚೆನ್ನಾಗಿಯೇ ಕಾಣುತ್ತದೆ. ತಮಿಳು, ಮಲಯಾಳ ಹಾಕಿದರೂ ತಾಳಿಕೊಳ್ಳುತ್ತದೆ. ನೆರೆಯ ಸಂಘದವರು ಬೇಕೆಂದರೆ ಕೊಡಲು ಅಡ್ಡಿಯಿಲ್ಲ.

ಗ್ರಂಥಾಲಯದ ಪ್ರೋಗ್ರಾಮಿನಲ್ಲಿ ೧೧ ಕಿಟಕಿಗಳು. ಅವುಗಳಲ್ಲಿ ೯ ಸರಿಹೋಗಿವೆ. ಸುಣ್ಣದ ಗೆರೆಗಳನ್ನೆಲ್ಲ ಅಳಿಸಿದ್ದೇವೆ. ಪ್ರೋಗ್ರಾಮಿನಲ್ಲಿ ಸೇರಿಸಿದ್ದಕ್ಕಿಂತ ತೆಗೆದುಹಾಕಿದ ಸಾಲುಗಳೇ ಹೆಚ್ಚು. "ಮೊದಲಿನ ಹಾಂಗ ಇಟ್ಟುಬಿಡ್ರಿ" ಎಂದಿದ್ದ ಹಿರಿಯರು ಈಗ ತಾವೇ ಕುಳಿತು ಕನ್ನಡದಲ್ಲೇ ಪುಸ್ತಕ ಹುಡುಕುತ್ತಾರೆ, ಮತ್ತು 'ಪ್ರಕಾಶಕರು' ಎಂಬ ಕಡೆ ನಾವು ಬಳಸಿದ ಪದ ಸರಿಯೇ ಎಂದು ಬೇರೆಯದೇ ವಾದ ಹೂಡಿದ್ದಾರೆ. ಅದು ಆರೋಗ್ಯದ ಲಕ್ಷಣ. ಉಳಿದಿರುವುದು ರಸೀದಿ ಮುದ್ರಿಸುವ ಕಿಟಕಿ ಮತ್ತು ವರ್ಷದ ವರದಿಯ ಕಿಟಕಿ. ವರದಿಯದರಲ್ಲಿ ಕೋಷ್ಟಕದೊಳಗೆ ಕೋಷ್ಟಕ ಇರುವುದರಿಂದ ಸ್ವಲ್ಪ ಕೈ ಬೇಕು. ಸಂಘದ ಮನೆಗಳಲ್ಲಿರುವ ಮಕ್ಕಳು ಯಾರಾದರೂ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಗ್ರಂಥಾಲಯಕ್ಕೆ ಬಂದರೆ ಯಂತ್ರವೂ ಇರುತ್ತದೆ, ನಾವೂ ಇರುತ್ತೇವೆ. ತಾವು ಕಟ್ಟುತ್ತಿರುವ ಕಿಟಕಿ ಯಾವುದಾದರೂ ಇದ್ದರೆ ಜೊತೆಗೆ ತನ್ನಿ. ಅದಕ್ಕೂ ಕನ್ನಡ ತುಂಬಿ, ಬಣ್ಣ ಹಚ್ಚಿ ನೋಡೋಣ.